ಚಳಿಗಾಲದಲ್ಲಿ ಮನೆಯೊಳಗೆ ಕಾಣುವ ಒಂಟಿ ಕಡಜ

ಕೊಪ್ಪ ತಾಲ್ಲೂಕಿನ ನಾರ್ವೆಯಂತಹ ಮಲೆನಾಡಿನ ಊರುಗಳಲ್ಲಿ ಅಡಿಕೆ ಕೊಯ್ಲಿನ ಕಾಲವೆಂದರೆ ಚಳಿಯ ಕಾಲ. ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕಿದಾಗ ಸೌದೆಯ ಸಂದಿಯಿಂದಲೋ ಅಟ್ಟದ ಮೂಲೆಯಿಂದಲೋ ಒಂದು ಕಡಜ ಮೆಲ್ಲನೆ ತೆವಳಿ ಹೊರಬರಬಹುದು. ಇದು ನಿದ್ದೆಯಿಂದ ಎದ್ದ ರಾಣಿಯೇ? ಇದನ್ನು ಕೊಂದರೆ ಮುಂದೆ ಗೂಡು ಆಗುವುದು ತಪ್ಪೀತೇ?

ಶೀತ ದೇಶಗಳಲ್ಲಿ

ಯುರೋಪಿನಂತಹ ಕಡೆ ಕಡಜದ ಗೂಡು ಒಂದೇ ವರ್ಷದ್ದು. ಚಳಿ ಬರುವ ಮುನ್ನ ಹಳೆಯ ರಾಣಿ, ಕೆಲಸಗಾರ ಹುಳುಗಳು ಮತ್ತು ಗಂಡುಗಳು ಸಾಯುತ್ತವೆ. ಗಂಡಿನೊಡನೆ ಕೂಡಿದ ಹೊಸ ರಾಣಿಗಳು ಮಾತ್ರ ತೊಗಟೆಯಡಿ ಅಥವಾ ಮನೆಯ ಅಟ್ಟದಲ್ಲಿ ಅಡಗಿ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ಚಳಿಗಾಲ ಕಳೆಯುತ್ತವೆ. ಕೋಣೆ ಬಿಸಿಯಾದರೆ ಅಕಾಲದಲ್ಲಿ ಎಚ್ಚರಗೊಳ್ಳುತ್ತವೆ. ಹೊರಗೆ ಆಹಾರವಿಲ್ಲದೆ ಕೊಬ್ಬು ಕರಗಿ ಹೆಚ್ಚಿನವು ಸಾಯುತ್ತವೆ.

ಮಲೆನಾಡಿನಲ್ಲಿ

ನಮ್ಮಲ್ಲಿ ಚಳಿ ಅಷ್ಟು ಕಠಿಣವಲ್ಲ. ದಕ್ಷಿಣ ಭಾರತದ ಸಾಮಾನ್ಯ ಸಣ್ಣ ಕಡಜ ರೊಪಾಲಿಡಿಯ ಮಾರ್ಜಿನೇಟ ವರ್ಷದ ಎಲ್ಲ ಕಾಲದಲ್ಲೂ ಗೂಡು ಕಟ್ಟಬಲ್ಲದು. ಅದಕ್ಕೆ ದೀರ್ಘ ಚಳಿನಿದ್ದೆಯಿಲ್ಲ. ಬೆಳಗಿನ ಥಂಡಿಗೆ ಮರಗಟ್ಟಿದ ಹುಳು ಒಲೆಯ ಶಾಖಕ್ಕೆ ಚೇತರಿಸಿಕೊಳ್ಳುತ್ತದೆ, ಅಷ್ಟೇ. ಅದು ರಾಣಿಯೇ ಆಗಿರಬೇಕೆಂದೂ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ರಾಘವೇಂದ್ರ ಗದಗ್ಕರ್ ಈ ಕಡಜವನ್ನು ದೀರ್ಘಕಾಲ ಅಭ್ಯಸಿಸಿ 2001ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ರಾಣಿಯನ್ನು ತೆಗೆದರೆ ಗೂಡಿನ ಇನ್ನೊಂದು ಹೆಣ್ಣು ಕೆಲವೇ ದಿನಗಳಲ್ಲಿ ಮೊಟ್ಟೆಯಿಟ್ಟು ರಾಣಿಯಾಗುತ್ತದೆಂದು ಈ ಅಭ್ಯಾಸಗಳು ತೋರಿಸಿವೆ. ಆದ್ದರಿಂದ ಒಂಟಿ ಹುಳುವನ್ನು ಕೊಂದು ಕಡಜದ ಕಾಟ ಕಳೆಯಿತೆಂದು ತಿಳಿಯುವಂತಿಲ್ಲ.

ಕೊಲ್ಲುವುದು ಅಗತ್ಯವೇ?

ಕಡಜಗಳು ಕಂಬಳಿಹುಳು ಮೊದಲಾದ ಮೆದು ಕೀಟಗಳನ್ನು ಹಿಡಿದು ಮರಿಗಳಿಗೆ ಉಣಿಸುತ್ತವೆ. ಜನರ ಓಡಾಟವಿಲ್ಲದ ಕಡೆಯ ಸಣ್ಣ ಗೂಡನ್ನು ಹಾಗೆಯೇ ಬಿಡುವುದು ಲೇಸು. ಆದರೆ ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿಯಿರುವ ದೊಡ್ಡ ಕಡಜದ ಮಾತು ಬೇರೆ. ಅದು ತುಡುವೆ ಜೇನಿನ ಶತ್ರು. ಅದರ ಗುಂಪಿನ ದಾಳಿ ಮನುಷ್ಯರಿಗೂ ಪ್ರಾಣಾಂತಿಕ. ಜೇನುಪೆಟ್ಟಿಗೆಯ ಬಾಗಿಲನ್ನು ಕಿರಿದುಗೊಳಿಸಿದರೆ ಅದು ಒಳನುಗ್ಗುವುದು ಕಷ್ಟವಾಗುತ್ತದೆ.

ಮುನ್ನೆಚ್ಚರಿಕೆ

1. ಸೌದೆಯನ್ನು ಒಳತರುವ ಮೊದಲು ಅಂಗಳದಲ್ಲಿ ಕೊಡವಿ, ಸಂದಿಗಳನ್ನು ನೋಡಬೇಕು.
2. ಒಳಗೆ ಸಿಕ್ಕ ಹುಳುವನ್ನು ಬರಿಗೈಯಿಂದ ಮುಟ್ಟಬಾರದು. ಅದರ ಮೇಲೆ ಲೋಟ ಕವುಚಿ, ಅಡಿಗೆ ದಪ್ಪ ಕಾಗದ ತೂರಿಸಿ ಹೊರಗೆ ಬಿಡಬಹುದು.
3. ಬೇಯಿಸಿದ ಅಡಿಕೆ, ಆಹಾರ ಪದಾರ್ಥಗಳ ಬಳಿ ಕೀಟನಾಶಕ ಸಿಂಪಡಿಸಬಾರದು.
4. ದೊಡ್ಡ ಗೂಡಿಗೆ ಕಲ್ಲೆಸೆಯುವುದು, ಬೆಂಕಿ ಹಚ್ಚುವುದು ಅಪಾಯ. ಮನೆ ಅಥವಾ ಶಾಲೆಯ ಹತ್ತಿರವಿದ್ದರೆ ನುರಿತವರಿಂದಲೇ ತೆಗೆಸಬೇಕು.

ಕಡಿದಾಗ

ಜೇನ್ನೊಣದಂತೆ ಕಡಜ ಮುಳ್ಳನ್ನು ಬಿಟ್ಟು ಹೋಗುವುದಿಲ್ಲ. ಮತ್ತೆ ಮತ್ತೆ ಚುಚ್ಚಬಲ್ಲದು. ಕೂಡಲೇ ದೂರ ಸರಿದು, ಗಾಯವನ್ನು ಸೋಪಿನ ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಮುಖ ಅಥವಾ ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಒಂದು ಕಡಿತವಾದರೂ ಕ್ಷಣ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಲವು ಹುಳು ಕಡಿದವರು ಆರಾಮವಾಗಿ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಆ ವಿಷ ಮೂತ್ರಪಿಂಡಕ್ಕೆ ಹಾನಿಮಾಡಬಲ್ಲದು; ಮೂತ್ರ ಕಡಿಮೆಯಾಗುವುದು ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು ಅದರ ಸೂಚನೆ.