ಯೀಸ್ಟ್‌ಗೂ ಒಂದು ಹೆಸರಿದೆ!

ಕಳೆದ ವರ್ಷ ಅಜ್ಜಿ ಐಸಿಯುನಲ್ಲಿದ್ದರು. ಆ್ಯಂಟಿಬಯೊಟಿಕ್ ಎಷ್ಟು ಕೊಟ್ಟರೂ ಜ್ವರ ಇಳಿಯಲಿಲ್ಲ. ಕೊನೆಗೆ ಬಂದ ರಕ್ತದ ಕಲ್ಚರ್ ರಿಪೋರ್ಟ್‌ನಲ್ಲಿ ಇದ್ದದ್ದು ಒಂದೇ ಪದ: ಯೀಸ್ಟ್. ‘ಬ್ರೆಡ್ ಉಬ್ಬಿಸೋಕೆ ಹಾಕ್ತಾರಲ್ಲ, ಅದೇನಮ್ಮಾ?’ ಎಂದು ಅಪ್ಪ ಕೇಳಿದರು. ಬಯೊಟೆಕ್ನಾಲಜಿಯಲ್ಲಿ ಬಿಇ ಓದುತ್ತಿರುವ ಮಗಳು ನಾನು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮೊಬೈಲ್‌ನಲ್ಲಿ ಓದತೊಡಗಿದೆ.

ರಕ್ತಕ್ಕೆ ನುಗ್ಗುವ ಯೀಸ್ಟ್‌ಗಳಲ್ಲಿ ಹೆಚ್ಚಿನವು ಕ್ಯಾಂಡಿಡಾ ಜಾತಿಯವು. ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಒಂದನ್ನು ಕೊಲ್ಲುವ ಔಷಧಕ್ಕೆ ಇನ್ನೊಂದು ಜಗ್ಗುವುದಿಲ್ಲ. ಅದಕ್ಕೇ ಹೆಸರು ಬೇಕು.

ಹೆಸರು ಕಂಡುಹಿಡಿಯಲು ದಾರಿಗಳು ಹಲವು. ಸೀರಮ್‌ನಲ್ಲಿ ಹಾಕಿ 37 ಡಿಗ್ರಿಯಲ್ಲಿ ಎರಡು–ಮೂರು ಗಂಟೆ ಇಟ್ಟರೆ ಕ್ಯಾಂಡಿಡಾ ಆಲ್ಬಿಕನ್ಸ್ ಹೆಸರುಕಾಳಿನಂತೆ ಮೊಳಕೆ ಒಡೆಯುತ್ತದೆ. ಬಣ್ಣ ಬರಿಸುವ ಅಗರ್ ತಟ್ಟೆಯಲ್ಲಿ ಆಲ್ಬಿಕನ್ಸ್ ಹಸಿರಾದರೆ, ಟ್ರಾಪಿಕಾಲಿಸ್ ನೀಲಿ. ಮಾಲ್ಡಿ–ಟಾಫ್ ಎಂಬ ಯಂತ್ರವಂತೂ ಲೇಸರ್ ಹಾಯಿಸಿ, ಪ್ರೋಟೀನುಗಳ ತೂಕ ಅಳೆದು, ಬೆರಳಚ್ಚು ಹೊಂದಿಸಿದಂತೆ ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಆದರೆ ಆ ಹೆಸರು ಅದರ ಪಟ್ಟಿಯಲ್ಲಿ ಇರಬೇಕಷ್ಟೆ!

ತೊಡಕು ಇರುವುದೇ ಇಲ್ಲಿ. ಜಪಾನಿನ ವೃದ್ಧೆಯೊಬ್ಬರ ಕಿವಿಯಲ್ಲಿ ಸಿಕ್ಕ ಕ್ಯಾಂಡಿಡಾ ಆರಿಸ್ ಬಗ್ಗೆ ವಿಜ್ಞಾನಿಗಳು ಬರೆದದ್ದು 2009ರಲ್ಲಿ. ಲ್ಯಾಟಿನ್‌ನಲ್ಲಿ ಆರಿಸ್ ಎಂದರೆ ಕಿವಿ. ಹಳೆಯ ಪಟ್ಟಿಯ ಯಂತ್ರಗಳು ಇದನ್ನು ಕ್ಯಾಂಡಿಡಾ ಹೆಮುಲೋನಿ ಎಂದು ತಪ್ಪಾಗಿ ಗುರುತಿಸಿದ್ದುಂಟು. ಡಿಎನ್‌ಎ ಓದಿದರೆ ಮಾತ್ರ ಗುಟ್ಟು ಪೂರ್ತಿ ಬಯಲು. ಹಾಗೆ ಓದಿದಾಗ ಮೊದಲಿಗೆ ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಂದು ನಾಲ್ಕು ಬೇರೆಬೇರೆ ವಂಶಗಳೇ ಕಂಡವು. ವಾರ್ಡಿನ ಇಬ್ಬರು ರೋಗಿಗಳಲ್ಲಿ ಇರುವುದು ಒಂದೇ ತಳಿಯೇ, ಹಾಸಿಗೆಯಿಂದ ಹಾಸಿಗೆಗೆ ಹರಡುತ್ತಿದೆಯೇ ಎಂಬುದೂ ಹೀಗೆಯೇ ತಿಳಿಯುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರಿಸ್ ಅನ್ನು ಅತ್ಯಂತ ಅಪಾಯಕಾರಿ ಶಿಲೀಂಧ್ರಗಳ ಸಾಲಿಗೆ ಸೇರಿಸಿತು.

ಅಜ್ಜಿಯ ಎರಡನೇ ರಿಪೋರ್ಟ್‌ನಲ್ಲಿ ‘ಹೆಮುಲೋನಿ’ ಎಂದಿತ್ತು. ಡಾಕ್ಟರಿಗೆ ಅನುಮಾನ ಬಂದು ಸ್ಯಾಂಪಲ್ಲನ್ನು ಬೇರೆ ಊರಿನ ಲ್ಯಾಬ್‌ಗೆ ಕಳಿಸಿದರು. ಮೂರು ದಿನದ ನಂತರ ‘ಆರಿಸ್’ ಎಂದು ಬಂತು. ಫ್ಲುಕೊನಜೋಲ್ ನಿಲ್ಲಿಸಿ ಬೇರೆ ಔಷಧ ಶುರು ಮಾಡಿದರು. ಅಷ್ಟರಲ್ಲಿ ಅಜ್ಜಿ ತುಂಬಾ ಸೋತಿದ್ದರು. ಉಳಿಯಲಿಲ್ಲ.

ಆಮೇಲೆ ಓದಿ ತಿಳಿದದ್ದು ಇನ್ನೊಂದಿದೆ. ಆರಿಸ್ 42 ಡಿಗ್ರಿ ಬಿಸಿಯಲ್ಲೂ ಬೆಳೆಯುತ್ತದೆ, ಹೆಮುಲೋನಿ ಬೆಳೆಯುವುದಿಲ್ಲ. ಕೊನೆಯ ಮಾತು ಅದೇ ಅಲ್ಲದಿದ್ದರೂ, ಅನುಮಾನವನ್ನು ಗಟ್ಟಿ ಮಾಡಿಕೊಳ್ಳಲು ಸಾಕು. ಅದಕ್ಕೆ ಬೇಕಿರುವುದು ಒಂದು ಇನ್‌ಕ್ಯುಬೇಟರ್. ನಮ್ಮ ಕಾಲೇಜಿನ ಲ್ಯಾಬಿನ ಮೂಲೆಯಲ್ಲೂ ಒಂದಿದೆ. ಅದರ ಬಾಗಿಲು ತೆಗೆದಾಗಲೆಲ್ಲ ನನಗೆ ಆ ಮೂರು ದಿನಗಳು ನೆನಪಾಗುತ್ತವೆ.