ಕಪ್ಪಾದ ರಸಬಾಳೆಯಿಂದ ಸಂಜೆಯ ಕೇಕು



ನಂಜನಗೂಡಿನಿಂದ ತಂದ ರಸಬಾಳೆಯ ಚಿಪ್ಪೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಮರೆತು ಬಿಟ್ಟರೆ ಏನಾಗುತ್ತದೆ ಎಂದು ನೀವು ನೋಡಿರಬಹುದು. ಮೊದಲು ಮನೆಯೆಲ್ಲ ಘಮಘಮ. ಆಮೇಲೆ ತೆಳುವಾದ ಸಿಪ್ಪೆಯ ಮೇಲೆ ಕಪ್ಪು ಮಚ್ಚೆ. ಮತ್ತೊಂದು ದಿನ ಕಳೆದರೆ ಹಣ್ಣು ಮೆತ್ತಗಾಗುತ್ತದೆ. "ಇನ್ನು ಇದನ್ನು ಯಾರು ತಿನ್ನುತ್ತಾರೆ, ಹಸುವಿಗೆ ಹಾಕು" ಎಂದು ಅಜ್ಜಿ ಹೇಳುತ್ತಾರೆ. ಹಾಕುವ ಮುಂಚೆ ಈ ಪುಟವನ್ನು ಓದಿ. ಆ ಹಣ್ಣಿನಿಂದ ಸಂಜೆಯ ಕಾಫಿ, ಚಹಾದ ಜೊತೆಗೆ ಒಂದು ಸರಳವಾದ ಕೇಕು ಮಾಡಬಹುದು.

"ನಮ್ಮ ಮನೆಯಲ್ಲಿ ಓವನ್ ಇಲ್ಲವಲ್ಲ?" ಎಂದು ನೀವು ಕೇಳಬಹುದು. ಕೇಕಿಗೆ ಬೇಕಾದದ್ದು ಸುತ್ತಲಿಂದಲೂ ಸಮನಾಗಿ ತಗಲುವ ಒಣ ಶಾಖ. ಅದನ್ನು ದಪ್ಪ ತಳದ ಪಾತ್ರೆಯೂ ಕೊಡಬಲ್ಲದು. ಕಪಿಲೆಯ ದಡದ ನಂಜನಗೂಡು, ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಇವೆರಡೂ ಭತ್ತ, ಕಬ್ಬು, ಬಾಳೆಯ ಸೀಮೆ. ಗೋಧಿ ಇಲ್ಲಿಯ ಮುಖ್ಯ ಬೆಳೆಯಲ್ಲ. ಹೀಗಾಗಿ ಮೈದಾ ಅಂಗಡಿಯಿಂದ ಬರಬೇಕು. ಬಾಳೆ, ಮೊಸರು, ನಿಂಬೆ ಇವೆಲ್ಲ ಮನೆಯಲ್ಲೇ ಇರುವಂಥವು.

ಬೇಕಾಗುವ ಸಾಮಗ್ರಿ

ಮೈದಾ 150 ಗ್ರಾಂ, ಅಡುಗೆ ಸೋಡ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆ, ಸಿಪ್ಪೆ ತೆಗೆದ ಕಳಿತ ಬಾಳೆಹಣ್ಣು 200 ಗ್ರಾಂ, ಪುಡಿ ಮಾಡಿದ ಸಕ್ಕರೆ 80 ಗ್ರಾಂ, ವಾಸನೆಯಿಲ್ಲದ ಅಡುಗೆ ಎಣ್ಣೆ 4 ದೊಡ್ಡ ಚಮಚ, ಗಟ್ಟಿ ಮೊಸರು 4 ದೊಡ್ಡ ಚಮಚ, ಎರಡು ಏಲಕ್ಕಿಯ ಪುಡಿ. ಮೇಲಿನ ಹೊದಿಕೆಗೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಸಕ್ಕರೆ 100 ಗ್ರಾಂ, ನಿಂಬೆರಸ 3 ಟೀ ಚಮಚ. ಈ ಕೇಕಿಗೆ ಮೊಟ್ಟೆ ಬೇಡ. ರಸಬಾಳೆ ಸಿಗದಿದ್ದರೆ ಏಲಕ್ಕಿ ಬಾಳೆಯೂ ಆದೀತು.

ಮಾಡುವ ವಿಧಾನ

ಮೊದಲು ಒಲೆ ಸಿದ್ಧಪಡಿಸಿ. ಅಗಲ ಬಾಯಿಯ, ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಪುಡಿಯುಪ್ಪು ಹರಡಿ. ಅದರ ಮೇಲೆ ಒಂದು ಸಿಂಬಿ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರು ಹಾಕಬಾರದು. ಪ್ರೆಶರ್ ಕುಕ್ಕರನ್ನು ಹೀಗೆ ಒಣಗಿ ಕಾಯಿಸುವುದು ಅದಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಓವನ್ ಇದ್ದವರು ಅದನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಕೊಳ್ಳಿ.

ಬ್ರೆಡ್ಡಿನ ಆಕಾರದ ಉದ್ದನೆಯ ಅಚ್ಚಿಗೆ, ಸುಮಾರು 18 ಸೆಂಟಿಮೀಟರ್ ಉದ್ದದ್ದು ಸಾಕು, ಎಣ್ಣೆ ಸವರಿ ಸ್ವಲ್ಪ ಮೈದಾ ಉದುರಿಸಿ. ಮೈದಾ, ಸೋಡ, ಉಪ್ಪು ಮೂರನ್ನೂ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಹಣ್ಣನ್ನು ಚೆನ್ನಾಗಿ ಕಿವುಚಿ, ಸಕ್ಕರೆ, ಎಣ್ಣೆ, ಮೊಸರು, ಏಲಕ್ಕಿ ಸೇರಿಸಿ ಕಲಸಿ. ಇದಕ್ಕೆ ಮೈದಾ ಹಾಕಿ, ಒಣ ಹಿಟ್ಟು ಕಾಣದಂತಾಗುವಷ್ಟು ಮಾತ್ರ ಮೆಲ್ಲಗೆ ತಿರುವಿ. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿದ್ದರೆ ಸರಿ. ತೀರ ಗಟ್ಟಿ ಎನಿಸಿದರೆ ಒಂದೆರಡು ಚಮಚ ಹಾಲು ಸೇರಿಸಿ. ಅಚ್ಚಿನ ಮುಕ್ಕಾಲು ಭಾಗ ಮೀರದಂತೆ ಸುರಿದು, ತಡಮಾಡದೆ ಕಾದ ಪಾತ್ರೆಯೊಳಗಿನ ಸಿಂಬಿಯ ಮೇಲಿಡಿ. ಈ ಕೆಲಸಕ್ಕೆ ಹಿರಿಯರು ಜೊತೆಯಲ್ಲಿರಲಿ. ಪಾತ್ರೆ ವಿಪರೀತ ಬಿಸಿಯಾಗಿರುತ್ತದೆ.

ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ ಬೇಯಲಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಆಮೇಲೆ ನಡುವೆ ಒಂದು ಕಡ್ಡಿ ಚುಚ್ಚಿ ನೋಡಿ. ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಹತ್ತು ನಿಮಿಷ ಬಿಟ್ಟು ಅಚ್ಚಿನಿಂದ ತೆಗೆದು, ಪೂರ್ತಿ ತಣಿಯಲು ಬಿಡಿ.

ಹೊದಿಕೆಗೆ, ಸಕ್ಕರೆ ಪುಡಿಗೆ ನಿಂಬೆರಸವನ್ನು ಒಂದೊಂದೇ ಚಮಚ ಹಾಕುತ್ತಾ ಕಲಸಿ. ಚಮಚದಿಂದ ಎತ್ತಿದಾಗ ದಪ್ಪ ಎಳೆಯಾಗಿ ಇಳಿಯಬೇಕು. ತಣಿದ ಕೇಕಿನ ಮೇಲೆ ಸುರಿದು, ಬದಿಗಳಲ್ಲಿ ತಾನಾಗಿಯೇ ಇಳಿಯಲು ಬಿಡಿ. ಒಂದು ಗಂಟೆಯ ಹೊತ್ತಿಗೆ ಅದು ಬಿಳಿಯ ಪದರವಾಗಿ ಬಿಗಿದುಕೊಳ್ಳುತ್ತದೆ. ಬೇಕರಿಯವರು ಐಸಿಂಗ್ ಎನ್ನುವುದರಲ್ಲಿ ಅತಿ ಸರಳವಾದದ್ದು ಇದೇ.

ಏಕೆ ಹೀಗೆ?

ಹೆಚ್ಚು ತಿರುವಬಾರದು ಎಂದೆವಲ್ಲ, ಏಕೆ? ಗೋಧಿಯಲ್ಲಿರುವ ಪ್ರೋಟೀನುಗಳು ನೀರು ತಗಲಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಎಳೆಗಳ ಬಲೆಯಾಗುತ್ತವೆ. ನಾದಿದಷ್ಟೂ ಆ ಬಲೆ ಬಲವಾಗುತ್ತದೆ. ಚಪಾತಿಗೆ ಅದು ಬೇಕು. ಕೇಕಿಗೆ ಅದೇ ಶತ್ರು, ಕೇಕು ರಬ್ಬರಿನಂತಾಗುತ್ತದೆ.

ತಡಮಾಡಬಾರದು ಏಕೆ? ಅಡುಗೆ ಸೋಡ ಮೊಸರಿನ ಆಮ್ಲವನ್ನು ಸೇರಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗತೊಡಗುತ್ತದೆ. ಆ ಗುಳ್ಳೆಗಳೇ ಕೇಕನ್ನು ಉಬ್ಬಿಸುತ್ತವೆ. ಹಿಟ್ಟನ್ನು ಹಾಗೇ ಇಟ್ಟರೆ ಗುಳ್ಳೆಗಳು ಹೊರಟುಹೋಗುತ್ತವೆ. ಇನ್ನಷ್ಟು ಉಬ್ಬಲಿ ಎಂದು ಸೋಡ ಹೆಚ್ಚು ಹಾಕಿದರೆ, ಆಮ್ಲದೊಡನೆ ಸೇರದೆ ಉಳಿದ ಸೋಡ ಸಾಬೂನಿನಂಥ ರುಚಿ ಕೊಡುತ್ತದೆ.

ಮುಚ್ಚಳ ತೆಗೆಯಬಾರದು ಏಕೆ? ಶಾಖಕ್ಕೆ ಗುಳ್ಳೆಗಳು ಹಿಗ್ಗುತ್ತವೆ. ಅವುಗಳ ಸುತ್ತಲಿನ ಪಿಷ್ಟ ನೀರು ಹೀರಿ ಬೆಂದು, ಪ್ರೋಟೀನು ಗಟ್ಟಿಯಾಗಿ ಗೋಡೆ ನಿಲ್ಲಬೇಕು. ಗೋಡೆ ನಿಲ್ಲುವ ಮೊದಲೇ ತಣ್ಣನೆಯ ಗಾಳಿ ಹೊಕ್ಕರೆ ಕೇಕು ನಡುವೆ ಕುಸಿಯುತ್ತದೆ. ಮೇಲ್ಭಾಗದ ಕಂದು ಬಣ್ಣಕ್ಕೆ ಮುಖ್ಯ ಕಾರಣ, ಸಕ್ಕರೆಗಳೂ ಪ್ರೋಟೀನಿನ ಘಟಕಗಳೂ ಶಾಖದಲ್ಲಿ ನಡೆಸುವ ಕ್ರಿಯೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದರು.

ಕಪ್ಪಾದ ಹಣ್ಣೇ ಏಕೆ? ಬಾಳೆ ಮಾಗುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಹೆಚ್ಚು ಕಳಿತಷ್ಟೂ ಸಿಹಿ ಹೆಚ್ಚು, ಪರಿಮಳ ಹೆಚ್ಚು. ಆದ್ದರಿಂದಲೇ ಇಲ್ಲಿ ಸಕ್ಕರೆ ಕಡಿಮೆ ಸಾಕು.

ಒಂದು ಹಣ್ಣಿನ ಬೆಲೆ

ಕೊನೆಯದಾಗಿ ರಸಬಾಳೆಯ ಬಗ್ಗೆ ಒಂದು ಮಾತು. ಈ ಹಣ್ಣು ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ನಂಜನಗೂಡಿನ ಬಳಿಯ ದೇವರಸನಹಳ್ಳಿಯಂಥ ಹಳ್ಳಿಗಳು ಇದಕ್ಕೆ ಹೆಸರಾದವು. ಆದರೆ ಪನಾಮಾ ಸೊರಗು ರೋಗ ತೋಟಗಳನ್ನು ಬರಿದು ಮಾಡಿತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಹಾಕುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದು ಗಿಡ ಸಾಯುತ್ತದೆ. ಶಿಲೀಂಧ್ರ ಮಾತ್ರ ಆ ಮಣ್ಣಿನಲ್ಲಿ ಹಲವು ದಶಕ ಉಳಿಯಬಲ್ಲದು. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತೇವೆ. ರೋಗವಿರುವ ತೋಟದ ಕಂದು ತಂದು ನೆಟ್ಟರೆ ರೋಗವನ್ನೂ ತಂದು ನೆಟ್ಟಂತೆ. ಇದಕ್ಕಾಗಿಯೇ ಅಂಗಾಂಶ ಕೃಷಿಯ ರೋಗರಹಿತ ಸಸಿಗಳನ್ನು ನೆಡಲು ಹೇಳುತ್ತಾರೆ. ಇದೇ ರೋಗ ಇಪ್ಪತ್ತನೆಯ ಶತಮಾನದ ನಡುವೆ ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆಯನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹೊರಗೆ ತಳ್ಳಿತು.

ಹಾಗಾಗಿ ಅಪ್ಪಟ ರಸಬಾಳೆ ಸಿಕ್ಕಿದರೆ ಮೊದಲು ಹಾಗೆಯೇ ತಿನ್ನಿ, ಅದರ ರುಚಿ ನಿಮಗೆ ಗೊತ್ತಿರಲಿ. ಕೈಮೀರಿ ಕಳಿತದ್ದು ಮಾತ್ರ ಕೇಕಿಗಿರಲಿ, ಒಂದೂ ಹಾಳಾಗದಿರಲಿ.

ಮಾಡಿ ನೋಡಿ

1. ಒಂದು ಚಮಚ ಮೊಸರಿಗೆ ಚಿಟಿಕೆ ಸೋಡ ಹಾಕಿ, ಇನ್ನೊಂದು ಚಿಟಿಕೆಯನ್ನು ತಣ್ಣೀರಿಗೆ ಹಾಕಿ. ನೊರೆ ಎಲ್ಲಿ ಬಂತು? ಏಕೆ?
2. ಬಿಸಿ ಕೇಕಿನ ಒಂದು ತುದಿಗೆ ಸ್ವಲ್ಪ ಹೊದಿಕೆ ಹಾಕಿ, ಉಳಿದದ್ದನ್ನು ತಣಿದ ಮೇಲೆ ಹಾಕಿ. ವ್ಯತ್ಯಾಸವನ್ನು ಬರೆದಿಡಿ.
3. ನಿಮ್ಮ ಊರಿನ ಬಾಳೆ ಬೆಳೆಗಾರರೊಬ್ಬರನ್ನು ಭೇಟಿಯಾಗಿ, ಅವರು ಕಂದನ್ನು ಎಲ್ಲಿಂದ ತರುತ್ತಾರೆ, ಹೇಗೆ ಆರಿಸುತ್ತಾರೆ ಎಂದು ಕೇಳಿ ತಿಳಿಯಿರಿ. ಹೋಗುವಾಗ ಕೇಕಿನ ಎರಡು ಹೋಳು ಕಟ್ಟಿಕೊಂಡು ಹೋಗಿ.