ಸಿನಿಮಾ ನೆನಪಿನೊಳಗಿನ ನಾಟಕ ಕಂಪನಿ

ಹಳೆಯ ತಲೆಮಾರಿನ ಕನ್ನಡ ನಟರ ಸಂದರ್ಶನ, ಆತ್ಮಕಥೆಗಳನ್ನು ಓದುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಸಿನಿಮಾ ಪಾತ್ರದ ಬಗ್ಗೆ ಕೇಳಿದರೆ ಅವರ ಮಾತು ಸ್ಟುಡಿಯೋದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಾಟಕ ಕಂಪನಿಯ ಬಿಡಾರಕ್ಕೆ ಹೊರಟುಬಿಡುತ್ತದೆ. ಆಗ ಯಾವ ಊರಲ್ಲಿ ಕ್ಯಾಂಪು ಇತ್ತು, ಯಾರಿಗೆ ಜ್ವರ ಬಂದು ಯಾರು ಬಣ್ಣ ಹಚ್ಚಿದರು, ಯಾವ ಪದ್ಯಕ್ಕೆ ‘ಒನ್ಸ್ ಮೋರ್’ ಬಿತ್ತು ಎಂಬುದೆಲ್ಲ ಮುಂದೆ ಬರುತ್ತದೆ. ಕ್ಯಾಮೆರಾ, ಲೈಟು, ಟೇಕು ಹಿಂದೆ ಸರಿಯುತ್ತವೆ.

ವಯಸ್ಸಾದವರ ಹಳಹಳಿಕೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೇನೋ ಹಾಗನಿಸುವುದಿಲ್ಲ. ಸಿನಿಮಾದವರು ಪಾತ್ರವನ್ನು ತುಣುಕು ಮಾಡಿ, ಹಿಂದುಮುಂದಾಗಿ ಚಿತ್ರೀಕರಿಸುತ್ತಾರೆ. ನಾಯಕ ಸಾಯುವುದು ಮೊದಲ ವಾರ, ಅವನ ಮದುವೆ ಕೊನೆಯ ವಾರ ಆದರೂ ಆಯಿತು. ಹಾಗೆ ಆಡಿದ್ದು ನಟನ ಮೈಯಲ್ಲಿ ಇಡಿಯಾಗಿ ಉಳಿಯುವುದಾದರೂ ಹೇಗೆ? ಕಂಪನಿಯಲ್ಲಿ ಅದೇ ಪಾತ್ರವನ್ನು ನಾಂದಿಯಿಂದ ಮಂಗಳದವರೆಗೆ ಎಷ್ಟೋ ರಾತ್ರಿ ಆಡಿರುತ್ತಾರೆ. ನೆನಪು ಗಟ್ಟಿಯಾಗುವುದು ಅಲ್ಲಿ.

ಕಂಪನಿ ಎಂದರೆ ಊರೂರು ಸುತ್ತುವ ಒಂದು ಸಂಸಾರ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ಎಷ್ಟು ಬೆಳೆಯಿತೆಂದರೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಇಂಥ ಕಂಪನಿಗಳಲ್ಲಿ ಕಲಿಕೆಗೆ ತರಗತಿ ಇರಲಿಲ್ಲ. ಹುಡುಗರು ಬಾಲಪಾತ್ರ ಮಾಡಿ ಸೈಡ್‌ವಿಂಗಿನಲ್ಲಿ ನಿಲ್ಲುತ್ತಿದ್ದರು. ರಾತ್ರಿ ರಾತ್ರಿ ಕೇಳಿ ಕೇಳಿ ತಮ್ಮ ಮಾತಿನ ಜೊತೆ ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತು. ಯಾರಾದರೂ ಹಾಸಿಗೆ ಹಿಡಿದರೆ ಆ ಪಾತ್ರ ಅಂದೇ ಇನ್ನೊಬ್ಬರ ಹೆಗಲೇರುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಾಗ ಇಂದ್ರಜಿತನಾಗಿದ್ದ ಸುಬ್ಬಯ್ಯ ನಾಯ್ಡು, ರಾವಣನಾಗಿದ್ದ ಆರ್. ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಿಂದಲೇ ಹೋದವರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಕನ್ನಡಕ್ಕೆ ಆಗ ತನ್ನದೊಂದು ಸ್ಟುಡಿಯೋ ಇರಲಿಲ್ಲ, ನಟರು ಮಾತ್ರ ತಯಾರಾಗಿದ್ದರು.

ರಾಜ್‌ಕುಮಾರ್ ಅವರದೂ ಇದೇ ದಾರಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಕಂಸ, ರಾವಣ, ಹಿರಣ್ಯಕಶಿಪುವಿನಂಥ ರೌದ್ರ ಪಾತ್ರಗಳಿಗೆ ಹೆಸರಾದವರು. ಮಗ ಮುತ್ತುರಾಜನಿಗೆ ಶಾಲೆಗಿಂತ ಹೆಚ್ಚು ದಕ್ಕಿದ್ದು ಕಂಪನಿಯ ಅನ್ನ, ಕಂಪನಿಯ ಪಾಠ. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಅವರು ತೆರೆಯ ಮೇಲೆ ಬಂದು ಹೋಗುತ್ತಾರೆ. ಹುಡುಕುವಷ್ಟರಲ್ಲಿ ದೃಶ್ಯ ಮುಗಿದಿರುತ್ತದೆ. ಎರಡೇ ವರ್ಷಕ್ಕೆ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಬಂತು. ಅದು ಗುಬ್ಬಿ ಕಂಪನಿ ಆಡುತ್ತಿದ್ದ ನಾಟಕವೇ. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಚಿತ್ರದಲ್ಲಿದ್ದರು. ಚಿತ್ರ ಗೆದ್ದಮೇಲೆ ಇವರಿಗೆಲ್ಲ ಕೈತುಂಬ ಕೆಲಸ ಸಿಕ್ಕಿತೆಂದುಕೊಂಡರೆ ತಪ್ಪು. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು ಬರುತ್ತಿದ್ದ ಕಾಲ ಅದು. ಕೆಲಸವಿಲ್ಲದಾಗ ಬಾಲಕೃಷ್ಣ ಅವರನ್ನೂ ಸೇರಿಸಿಕೊಂಡು ಕನ್ನಡ ಕಲಾವಿದರ ಸಂಘ ಕಟ್ಟಿ, ನಾಟಕಗಳನ್ನು ಹೊತ್ತು ನಾಡು ಸುತ್ತಿದರು. 1960ರಲ್ಲಿ ಅದೇ ಸಂಘದ ಬಲದಲ್ಲಿ ‘ರಣಧೀರ ಕಂಠೀರವ’ ತೆಗೆದರು. ಸಿನಿಮಾ ಕೈಬಿಟ್ಟಾಗ ಹಿಡಿದುಕೊಳ್ಳಲು ಅವರಿಗಿದ್ದದ್ದು ರಂಗಸ್ಥಳ.

ಟಿ.ಎನ್. ಬಾಲಕೃಷ್ಣ ಅವರ ಕಥೆ ಇನ್ನೂ ವಿಶೇಷ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ಚಲನೆ ನೋಡಿ, ಅವರ ಮಾತನ್ನೂ ಮೊದಲೇ ಉರುಹೊಡೆದು, ಸರಿಯಾದ ಕ್ಷಣಕ್ಕೆ ತಮ್ಮ ಮಾತು ಎತ್ತುತ್ತಿದ್ದರು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೆನಪಿಸಿಕೊಳ್ಳಿ. ಆ ಗಡಸು, ಆ ಅಕ್ಕರೆ, ಮಾತಿನ ನಡುವೆ ಆತ ಕೊಡುವ ನಿಲುಗಡೆ, ಇವೆಲ್ಲ ಎದುರಿನ ಮಾತು ಕಿವಿಗೆ ಸರಿಯಾಗಿ ಬೀಳದ ನಟನದು ಎಂದರೆ ನಂಬುವುದು ಕಷ್ಟ. ತಮ್ಮ ಮಾತನ್ನಷ್ಟೇ ಕಲಿತು ಸೆಟ್ಟಿಗೆ ಬರುವ ನಟರಿಂದ ಇದು ಆಗುವ ಕೆಲಸವಲ್ಲ. ಇಡೀ ದೃಶ್ಯವನ್ನು ಬಾಯಿಪಾಠ ಮಾಡುವ ಕಂಪನಿಯ ಅಭ್ಯಾಸವೇ ಅವರಿಗೆ ಕಿವಿಯಾಯಿತು.

ಕಂಪನಿ ನಟ ತನ್ನ ಪದ್ಯವನ್ನು ತಾನೇ ಹಾಡಬೇಕಿತ್ತು. ಸಿನಿಮಾ ಬಂದು ಮೈ ಒಬ್ಬರದು, ದನಿ ಇನ್ನೊಬ್ಬರದು ಎಂದು ಮಾಡಿತು. 1956ರ ‘ಓಹಿಲೇಶ್ವರ’ದಲ್ಲಿ ಹಾಡಿದ್ದ ರಾಜ್‌ಕುಮಾರ್‌ಗೆ ಆಮೇಲೆ ದೀರ್ಘಕಾಲ ದನಿಯಾದದ್ದು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನಿಂದ ಅವರು ಮತ್ತೆ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಆ ಚಿತ್ರಕ್ಕೆ ಮೂಲ ಪಿ.ಬಿ. ಧುತ್ತರಗಿ ಅವರ ನಾಟಕ ಎಂಬುದು ಕಾಕತಾಳೀಯವಿದ್ದೀತು, ಆದರೂ ಖುಷಿ ಕೊಡುತ್ತದೆ. ಮೂರು ವರ್ಷದ ನಂತರ ಬಂದ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಬಬ್ರುವಾಹನನೂ ಅವರೇ. ಇಬ್ಬರೂ ಎದುರಾಬದುರು ನಿಂತು ಹಾಡುವ ಜಟಾಪಟಿಯಲ್ಲಿ ಒಬ್ಬನಿಗೆ ರಾಜ್‌ಕುಮಾರ್ ಕಂಠ, ಇನ್ನೊಬ್ಬನಿಗೆ ಶ್ರೀನಿವಾಸ್ ಕಂಠ. ಪೌರಾಣಿಕ ನಾಟಕದ ಸವಾಲ್-ಜವಾಬು ಬಲ್ಲವರಿಗೆ ಅದರ ಹುಟ್ಟೂರು ಯಾವುದೆಂದು ಹೇಳಬೇಕಾಗಿಲ್ಲ. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಅವರೂ ಕಂಪನಿಯಲ್ಲಿ ಪಳಗಿದವರೇ.

1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪುವಾದರು. ತಂದೆಯ ಪಾತ್ರ ಅದು. ಪ್ರಹ್ಲಾದನಾಗಿ ಎದುರು ನಿಂತದ್ದು ಮಗ ಪುನೀತ್. ಆ ಅಬ್ಬರ, ಗದೆ ಹಿಡಿದು ನಿಲ್ಲುವ ನಿಲುವು, ಒಂದೊಂದು ಅಕ್ಷರವನ್ನೂ ಹಿಂದಿನ ಸಾಲಿಗೆ ಮುಟ್ಟಿಸುವ ಉಚ್ಚಾರ, ಇವನ್ನು ಅತಿಯೆನ್ನುವವರಿದ್ದಾರೆ. ಕ್ಯಾಮೆರಾದ ಅಳತೆಗೆ ಅತಿಯೇ ಸರಿ. ಆದರೆ ಮೈಕು ಇಲ್ಲದ ರಂಗದ ಮೇಲೆ ಪುಟ್ಟಸ್ವಾಮಯ್ಯ ಹೇಗೆ ಘರ್ಜಿಸಿದ್ದರು ಎಂಬುದಕ್ಕೆ ನಮಗೆ ಫಿಲ್ಮಿಲ್ಲ, ಧ್ವನಿಮುದ್ರಣವಿಲ್ಲ. ಮಗನ ಅಭಿನಯದ ಮೂಲಕ ಊಹಿಸಿಕೊಳ್ಳುವುದೊಂದೇ ದಾರಿ.

ಹವ್ಯಾಸಿ ರಂಗಭೂಮಿಯಿಂದ ಬಂದವರ ನೆನಪಿನ ಧಾಟಿ ಬೇರೆ. ಆಕ್ಸ್‌ಫರ್ಡಿನಲ್ಲಿ ಓದಿ ಬಂದು 1970ರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಓದಿದವರಿಗೆ ಅದು ಗೊತ್ತು. ಆದರೆ ಕಾರ್ನಾಡರೂ ಬಾಲ್ಯದಲ್ಲಿ ಶಿರಸಿಯಲ್ಲಿ ಕಂಪನಿ ನಾಟಕ ನೋಡಿಯೇ ಬೆಳೆದವರು.

ಕಂಪನಿಗಳು ಇನ್ನೂ ಇವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಟೆಂಟು ಹಾಕಿಕೊಂಡು ಪೈಪೋಟಿಯ ಮೇಲೆ ನಾಟಕ ಆಡುವ ಹಲವು ಕಂಪನಿಗಳು ಸಿಗುತ್ತವೆ. ಪೌರಾಣಿಕಗಳ ಜಾಗಕ್ಕೆ ಸಾಮಾಜಿಕ ನಾಟಕ, ಅದರಲ್ಲೂ ಹಾಸ್ಯ ಬಂದಿದೆ. ದ್ವಂದ್ವಾರ್ಥದ ಮಾತು ಜಾಸ್ತಿಯಾಯಿತೆಂಬ ದೂರಿನಲ್ಲಿ ಹುರುಳಿದೆ. ಟೆಂಟಿನ ಮುಂದಿನ ಬ್ಯಾನರುಗಳಲ್ಲಿ ಸಿನಿಮಾ, ಟಿವಿ ನಟರ ಮುಖಗಳು ದೊಡ್ಡದಾಗಿರುತ್ತವೆ. ಅವರು ಅತಿಥಿ ಕಲಾವಿದರು. ಒಂದು ಕಾಲಕ್ಕೆ ಸಿನಿಮಾಕ್ಕೆ ನಟರನ್ನು ಕೊಟ್ಟ ಕಂಪನಿ ಈಗ ಟಿಕೆಟ್ ಖರ್ಚಾಗಲೆಂದು ಅಲ್ಲಿಂದಲೇ ನಟರನ್ನು ಕರೆತರುತ್ತದೆ.